ನೋಡಲೇಬೇಕಾದ ಶಾರ್ಕ್ ಸಿನಿಮಾಗಳು ಯಾವುವು? ಗಣಪತಿ ಮುಂದೆ ಓಣಿಯವರಿಗೆ ಹಾಕಬೇಕು, ಶಾರ್ಕ್ ಹೆಚ್ಚು ಹೊತ್ತು ಕಾಣುವಂಥವು ಹೇಳಿ

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟು ಕೂತೆ. ಇದೇ ಕೆಲಸವನ್ನು ನಾನು 1994ರ ಗಣಪತಿ ಹಬ್ಬದಲ್ಲಿ ಹಳೇ ಬಾಗಲಕೋಟೆಯಲ್ಲಿ ಮಾಡಿದ್ದೆ. ನೀವು ಕೇಳಿದ ಹಾಗೆಯೇ, "ಮೀನು ಚೆನ್ನಾಗಿ ಕಾಣುವಂಥದ್ದು" ಬೇಕು ಅಂತಲೇ ಹುಡುಕಿದ್ದೆ. ಸಿನಿಮಾಗಳ ಹೆಸರು ಆಮೇಲೆ ಹೇಳುತ್ತೇನೆ, ಮೊದಲು ಇದನ್ನು ಕೇಳಿ.

ನಮ್ಮ ಓಣಿ ಘಟಪ್ರಭೆಯ ದಂಡೆಗೆ ಹತ್ತಿರ. ಈಗ ಆ ಓಣಿ ಇಲ್ಲ, ಆಲಮಟ್ಟಿ ಹಿನ್ನೀರಿಗೆ ಹೋಯಿತು. ಹಬ್ಬದ ಐದನೇ ದಿನ ಪಟ್ಟಿ ಎತ್ತಿದ ದುಡ್ಡಿನಲ್ಲಿ ಕಲರ್ ಟಿವಿ, ವಿಡಿಯೊ ಕ್ಯಾಸೆಟ್ ಹಾಕುವ ವಿಸಿಪಿ ಬಾಡಿಗೆಗೆ ತರುತ್ತಿದ್ದೆವು. ಸಂಜೆ ರಾಜಕುಮಾರ್ ಅವರ ಒಂದು ಸಿನಿಮಾ, ಹನ್ನೊಂದರ ಮೇಲೆ ಹೆಣ್ಣುಮಕ್ಕಳು, ಸಣ್ಣವರು ಮನೆಗೆ ಹೋದ ಮೇಲೆ ಇನ್ನೊಂದು. ಆ ಇನ್ನೊಂದನ್ನು ಆರಿಸುವ ಜವಾಬ್ದಾರಿ ಆ ವರ್ಷ ನನಗೆ ಬಂತು. ನನಗೆ ಇಪ್ಪತ್ತು ವರ್ಷ. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಗೆಳೆಯ 'ಜಾಸ್' ಎಂಬ ಇಂಗ್ಲಿಷ್ ಶಾರ್ಕ್ ಸಿನಿಮಾ ನೋಡಿ ಬಂದು ಎರಡು ದಿನ ಅದರದೇ ಮಾತಾಡಿದ್ದ. ಅವನ ಕೈಲೇ ಕ್ಯಾಸೆಟ್ ತರಿಸಿದೆ. ಡಿಪಾಜಿಟ್ ನನ್ನ ದುಡ್ಡು.

ಮೊದಲ ತಪ್ಪು ಸಂಜೆಯೇ ಆಯಿತು. ಮಂಡಳಿಯ ಮೈಕ್ ನನ್ನ ಕೈಯಲ್ಲಿತ್ತು. "ಇವತ್ತ ರಾತ್ರಿ ಇಪ್ಪತ್ತೈದು ಫೂಟಿನ ಮೀನಾ, ಮನುಷ್ಯಾರ್ನ ನುಂಗೂ ಮೀನಾ, ಎಲ್ಲಾರೂ ಬರ್ರಿ" ಅಂತ ನಾಲ್ಕು ಸಲ ಕೂಗಿದೆ. ಬಂದವರೆಲ್ಲ ಮೀನು ನೋಡಲು ಬಂದರು.

ಮುಂದಿನ ಸಾಲಿನಲ್ಲಿ ಅಂಬಿಗರ ಕಾಕಾ ಕೂತಿದ್ದರು. ಸೇತುವೆ ಮುಳುಗುವಂಥ ಹೊಳೆ ಬಂದಾಗ ಆಚೆ ದಂಡೆಗೆ ಹರಗೋಲು ಹಾಕುತ್ತಿದ್ದವರು. ಆಗಲೇ ಅರವತ್ತು ದಾಟಿತ್ತು. ಇಂಗ್ಲಿಷ್ ಇರಲಿ, ಸಿನಿಮಾ ನೋಡುವುದೇ ಅಪರೂಪ. ನೀರಿನ ಸಿನಿಮಾ ಅಂತ ಕೇಳಿ ಬಂದಿದ್ದರು. ಒಮ್ಮೆ ಅವರ ಜೊತೆ ಹೋಗುವಾಗ ಮೊಸಳೆ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೆ. "ಮೊಸಳಿ ನೋಡಬಾರದ, ದಂಡಿ ಮ್ಯಾಲಿನ ಎಮ್ಮಿ ನೋಡಬೇಕ. ಎಮ್ಮಿ ಕಿವಿ ನಿಂತ್ರ ಐತಿ ಅಂತ ತಿಳೀಬೇಕ" ಅಂದಿದ್ದರು.

ಸಿನಿಮಾ ಶುರುವಾಯಿತು. ಮೊದಲ ಹತ್ತು ನಿಮಿಷ ಓಣಿ ಗಪ್ ಚುಪ್. ಮುಂದೊಂದು ದೃಶ್ಯ ಬರುತ್ತದೆ: ಇಬ್ಬರು ರಾತ್ರಿ ಹಲಗೆಯ ಕಟ್ಟೆಯ ಮೇಲೆ ನಿಂತು ದೊಡ್ಡ ಮಾಂಸದ ತುಂಡನ್ನು ಸರಪಳಿಗೆ ಕಟ್ಟಿ ನೀರಿಗೆ ಬಿಡುತ್ತಾರೆ. ಏನೋ ಅದನ್ನು ಜಗ್ಗುತ್ತದೆ, ಕಟ್ಟೆಯ ತುದಿಯೇ ಕಿತ್ತು ಒಬ್ಬ ಮನುಷ್ಯನ ಸಮೇತ ಸಮುದ್ರಕ್ಕೆ ಹೋಗುತ್ತದೆ. ಆತ ಈಜುತ್ತಾ ದಂಡೆಗೆ ಬರುತ್ತಿದ್ದಾನೆ. ಆಗ ದೂರ ಹೋಗುತ್ತಿದ್ದ ಆ ಮುರಿದ ಹಲಗೆಗಳು ನಿಧಾನಕ್ಕೆ ಹೊರಳಿ ಅವನ ಕಡೆಗೇ ಬರತೊಡಗುತ್ತವೆ. ಮೀನು ಒಂದು ಕ್ಷಣವೂ ಕಾಣುವುದಿಲ್ಲ. ಕಾಕಾ ಕೂತಲ್ಲಿಂದ ಅರ್ಧ ಎದ್ದು, "ತಿರುಗಿತು! ತಿರುಗಿತು ನೋಡ್ರಿ!" ಅಂದರು. ಇಡೀ ಓಣಿಯಲ್ಲಿ ಆ ಸಿನಿಮಾ ಪೂರ್ತಿ ಅರ್ಥವಾಗಿದ್ದು ಅವರೊಬ್ಬರಿಗೆ. ನನಗೂ ಆಗಿರಲಿಲ್ಲ.

ಆಮೇಲೆ ಮಾತು ಶುರುವಾಯಿತು. ಊರ ಮೇಯರ್, ಪೊಲೀಸ್ ಅಧಿಕಾರಿ, ಬೀಚ್ ಮುಚ್ಚಬೇಕೋ ಬೇಡವೋ ಎಂಬ ಜಗಳ. ಎಲ್ಲ ಇಂಗ್ಲಿಷ್. ಹಿಂದಿನಿಂದ ಹುಡುಗರು "ಮೀನ ಎಲ್ಲೈತೋ?" ಅಂತ ಸುರು ಮಾಡಿದರು. ಒಬ್ಬ ಸಿಳ್ಳೆ ಹಾಕಿದ. ನನಗೆ ಮೈಯೆಲ್ಲ ಬೆವರು. ವಿಸಿಪಿ ಹತ್ತಿರ ಹೋಗಿ ಫಾರ್ವರ್ಡ್ ಗುಂಡಿ ಒತ್ತಿದೆ.

ಈ ಗುಂಡಿಯ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನೀವೂ ಲ್ಯಾಪ್‌ಟಾಪ್ ಮುಂದೆ ಕೂತು ಇದನ್ನೇ ಮಾಡುವವರಿದ್ದೀರಿ. ವಿಸಿಪಿಯಲ್ಲಿ ಫಾರ್ವರ್ಡ್ ಒತ್ತಿದರೆ ಚಿತ್ರ ಗೆರೆ ಗೆರೆಯಾಗಿ ಓಡುತ್ತದೆ, ಧ್ವನಿ ಬರುವುದಿಲ್ಲ. 'ಜಾಸ್' ಸಿನಿಮಾದ ಮೊದಲರ್ಧದಲ್ಲಿ ಶಾರ್ಕ್ ಇರುವುದೇ ಧ್ವನಿಯಲ್ಲಿ. ಜಾನ್ ವಿಲಿಯಮ್ಸ್ ಮಾಡಿದ ಆ ಎರಡೇ ಸ್ವರದ ಸಂಗೀತ ಇದೆಯಲ್ಲ, ಅದೇ ಮೀನು. ಮೊದಲ ಸಲ ಕೇಳಿದಾಗ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರಂತೆ. ಆ ಸಂಗೀತಕ್ಕೆ ಆಸ್ಕರ್ ಬಂತು. ಸಂಗೀತ ಬಂದರೆ ಮೀನು ಬಂತು ಅಂತ ಸಿನಿಮಾ ನಮ್ಮ ಕಿವಿಗೆ ಪಾಠ ಮಾಡುತ್ತದೆ. ನಡುವೆ ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಕಟ್ಟಿಕೊಂಡು ಈಜಿ ಜನರನ್ನು ಹೆದರಿಸುತ್ತಾರೆ, ಆಗ ಆ ಸಂಗೀತ ಬರುವುದೇ ಇಲ್ಲ. ಪಾಠ ಕಲಿತ ಕಿವಿಗೆ ಅಲ್ಲೇನೋ ಕೊರತೆ ಅನ್ನಿಸುತ್ತದೆ. ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ ಹೀಗೆ ನಂಬಿಸಿ, ಮೀನು ಮೊದಲ ಸಲ ಬಾಯಿ ತೆರೆದು ಎದುರಿಗೆ ಬರುವಾಗ ಯಾವ ಸಂಗೀತವೂ ಇಲ್ಲದೆ, ಮುನ್ಸೂಚನೆ ಇಲ್ಲದೆ ಎಬ್ಬಿಸುತ್ತಾರೆ. ಅಷ್ಟು ಹೊತ್ತು ಕೂತವನಿಗೆ ಮಾತ್ರ ಎದೆ ಧಸಕ್ಕೆನ್ನುವುದು.

ನಾನು ಅದರಲ್ಲಿ ಬಾಕಿ ಇದ್ದ ಐವತ್ತು ನಿಮಿಷವನ್ನು ಮೂಕವಾಗಿ ಓಡಿಸಿ, ಸರಿಯಾಗಿ ಮೀನಿನ ತಲೆ ಎದ್ದಲ್ಲಿ ನಿಲ್ಲಿಸಿದೆ. ಓಣಿ ನೋಡಿದ್ದು ಒಂದು ರಬ್ಬರಿನ ತಲೆ. ನಕ್ಕರು. ಒಬ್ಬ "ಪ್ಲಾಸ್ಟಿಕ್ ಐತಲೇ" ಅಂದ, ಎಲ್ಲರೂ ಅದನ್ನೇ ಹಿಡಿದುಕೊಂಡರು. ಮಂದಿ ಏಳತೊಡಗಿದಾಗ ಇನ್ನೂ ದೊಡ್ಡದಾಗಿ ಕಾಣುವ ಜಾಗಕ್ಕೆ ಹೋಗೋಣ ಅಂತ ಮತ್ತೆ ಒತ್ತಿದೆ. ಟೇಪು ಒಳಗೆ ಸಿಕ್ಕಿಕೊಂಡಿತು. ತೆಗೆದಾಗ ಮಾರುದ್ದ ಹೊರಗೆ ಬಂತು, ನಡುವೆ ಮಡಚಿ ಹರಿದಿತ್ತು. ಡಿಪಾಜಿಟ್ ಹೋಯಿತು, ವಿಸಿಪಿಯವನು ಹೆಡ್ ಹಾಳಾಗಿದೆ ಅಂತ ಬೇರೆ ತಗೊಂಡ. ಬಟ್ಟೆ ಅಂಗಡಿಯಲ್ಲಿ ನಾನು ಮಾಡುತ್ತಿದ್ದ ಕೆಲಸದ ಎರಡು ತಿಂಗಳ ಪಗಾರ ಅದಕ್ಕೇ ಆಯಿತು.

ಆ ದುಡ್ಡು ಹೇಗೋ ತೀರಿತು. ಕಾಕಾ ಕೊನೆಯವರೆಗೂ ಎದ್ದಿರಲಿಲ್ಲ. ಟೇಪು ಹರಿದ ಮೇಲೆ ಹತ್ತಿರ ಬಂದು, "ಯಾಕ ಓಡ್ಸಿದಿ ತಮ್ಮಾ? ಅದು ನೀರಾಗ ಇತ್ತಲ್ಲ" ಅಂದರು. ಸ್ವಲ್ಪ ನಿಂತು, "ಆ ಮೂರು ಮಂದಿ ದೋಣಿ ಏರಿದ್ರಲ್ಲ, ಮುಂದ ಏನಾತು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ನಾನೂ ಪೂರ್ತಿ ನೋಡಿರಲಿಲ್ಲ. ಸ್ವತಃ ನೋಡದ ಸಿನಿಮಾವನ್ನು ಮಂದಿಗೆ ತೋರಿಸಲು ಹೋಗಿದ್ದೆ.

ಮುಂದೆ ಮುಳುಗಡೆ ಬಂತು. ಸರ್ವೆಯವರು ಗೋಡೆ ಮೇಲೆ ನಂಬರ್ ಬರೆದು ಹೋದರು, ನಾವು ನವನಗರಕ್ಕೆ ಬಂದೆವು, ಕಾಕಾ ಬೀಳಗಿ ಕಡೆ ಮಗಳ ಊರಿಗೆ ಹೋದರು. ಆಲಮಟ್ಟಿಯಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದ ತನಕ ನೀರು ನಿಂತಾಗ ನಮ್ಮ ಓಣಿ ಒಂದೇ ದಿನಕ್ಕೆ ಹೋಗಲಿಲ್ಲ. ಹೋಗಿ ನೋಡಿದರೆ ನೀರು ನಿಂತಂತೆಯೇ ಕಾಣುತ್ತಿತ್ತು. ನಿನ್ನೆ ಇದ್ದ ಮೆಟ್ಟಿಲು ಇವತ್ತು ಇಲ್ಲ, ಅಷ್ಟೇ. ನಮಗೆ ಗೋಡೆಯ ಮೇಲಿನ ಆ ನಂಬರೇ ಅಂಜಿಕೆ ಹುಟ್ಟಿಸಿದ್ದು. 'ಜಾಸ್' ಸಿನಿಮಾದಲ್ಲಿ ಹಳದಿ ಡ್ರಮ್ಮುಗಳು ಬರುತ್ತವೆ. ಮೀನಿಗೆ ಈಟಿ ಹೊಡೆದು ಹಗ್ಗದಲ್ಲಿ ಡ್ರಮ್ಮು ಕಟ್ಟುತ್ತಾರೆ, ಆಮೇಲೆ ಮೀನಿನ ಬದಲು ಡ್ರಮ್ಮು ನೀರ ಮೇಲೆ ಓಡುತ್ತದೆ. 2006ರಲ್ಲಿ ಡಿವಿಡಿ ತಂದು ಒಬ್ಬನೇ ಕೂತು ಪೂರ್ತಿ ನೋಡಿದಾಗ, ಆ ಡ್ರಮ್ಮು ಕಂಡಲ್ಲೆಲ್ಲ ನನಗೆ ನಮ್ಮ ಮನೆಯ ಗೋಡೆ ನೆನಪಾಯಿತು.

ಆಗಲೇ ತಿಳಿದದ್ದು ಇನ್ನೊಂದು. ಮೀನು ಅಷ್ಟು ಹೊತ್ತು ಕಾಣದಿರುವುದು ಮೊದಲಿನಿಂದ ಇದ್ದ ಯೋಜನೆ ಅಲ್ಲ. ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪದ ಹತ್ತಿರ ನಿಜವಾದ ಸಮುದ್ರದಲ್ಲೇ ಚಿತ್ರೀಕರಣ ಮಾಡಿದರು. ಯಂತ್ರದ ಶಾರ್ಕ್ ಉಪ್ಪು ನೀರಿಗೆ ಇಳಿದ ಮೇಲೆ ಮತ್ತೆ ಮತ್ತೆ ಕೆಟ್ಟಿತು. 55 ದಿನಕ್ಕೆ ಮುಗಿಯಬೇಕಿದ್ದ ಚಿತ್ರೀಕರಣ 159 ದಿನ ಹಿಡಿಯಿತು. ಮೀನು ಕೈಕೊಟ್ಟಿತು, ಸ್ಪೀಲ್‌ಬರ್ಗ್ ನೀರನ್ನೇ ತೋರಿಸಿದರು. ಇದ್ದಷ್ಟು ಮೀನನ್ನೂ ಸಂಕಲನಕಾರ್ತಿ ವರ್ನಾ ಫೀಲ್ಡ್ಸ್ ಅಳೆದು ಕತ್ತರಿಸಿದರು, ಅವರಿಗೂ ಆಸ್ಕರ್ ಬಂತು. 1975ರ ಆ ಸಿನಿಮಾ ಇವತ್ತಿಗೂ ನಿಂತಿರುವುದು ಇದರಿಂದಲೇ. ಹಾಗಾಗಿ ನಿಮ್ಮ ಪ್ರಶ್ನೆಯ ಅರ್ಧ ಭಾಗವನ್ನು ನಾನು ಒಪ್ಪುವುದಿಲ್ಲ. "ಶಾರ್ಕ್ ಹೆಚ್ಚು ಹೊತ್ತು ಕಾಣುವಂಥದ್ದು" ಎಂಬುದನ್ನು ಅಳತೆಗೋಲು ಮಾಡಿಕೊಂಡರೆ ನಿಮ್ಮ ಕೈಗೆ ಸಿಗುವುದು ಕೆಟ್ಟ ಸಿನಿಮಾಗಳೇ.

ಆ ಡಿವಿಡಿ ತಗೊಂಡು ಕಾಕಾನ ಮಗಳ ಊರಿಗೆ ಹೋದೆ. ಅವರ ಕಣ್ಣಿಗೆ ಪೊರೆ ಬಂದಿತ್ತು, ಟಿವಿ ಮುಂದೆ ಕೂತರೂ ಬೆಳಕಷ್ಟೇ ಕಾಣುತ್ತಿತ್ತು. ಪೆಟ್ಟಿಗೆ ಸ್ಪೀಕರ್ ಅವರ ಪಕ್ಕಕ್ಕಿಟ್ಟೆ. ಹಲಗೆಯ ಕಟ್ಟೆಯ ದೃಶ್ಯ ಬಂದಾಗ ನಾನು ಸುಮ್ಮನಿದ್ದೆ. ಸಂಗೀತ ಏರುತ್ತಿದ್ದಂತೆ ಅವರೇ "ತಿರುಗಿತೇನ?" ಅಂದರು. ಆ ಸಲ ಗುಂಡಿ ಮುಟ್ಟಲಿಲ್ಲ. ಮೇಯರನ ಮಾತು, ಜಗಳ, ಎಲ್ಲವನ್ನೂ ಸಾಲು ಸಾಲು ಕನ್ನಡದಲ್ಲಿ ಹೇಳಿದೆ.

ದೋಣಿಯಲ್ಲಿ ಮೂವರು ರಾತ್ರಿ ಕೂತು ಮಾತಾಡುವ ದೃಶ್ಯಕ್ಕೆ ಬಂದೆವು. ರಾಬರ್ಟ್ ಶಾ ಮಾಡಿದ ಮುದುಕ ಬೇಟೆಗಾರನ ಪಾತ್ರ ತನ್ನ ಹಳೇ ಕಥೆ ಹೇಳುತ್ತದೆ. ಅದು ಕಟ್ಟಿದ ಕಥೆಯಲ್ಲ. ಹಿರೋಶಿಮಾ ಬಾಂಬಿನ ಭಾಗಗಳನ್ನು ಮುಟ್ಟಿಸಿ ಬರುತ್ತಿದ್ದ ಇಂಡಿಯಾನಾಪೊಲಿಸ್ ಎಂಬ ಯುದ್ಧನೌಕೆಯನ್ನು ಜಪಾನಿನ ಜಲಾಂತರ್ಗಾಮಿ 1945ರ ಜುಲೈ 30ರಂದು ಮುಳುಗಿಸಿತು. ಸಿನಿಮಾದಲ್ಲಿ ಜೂನ್ ಅಂತ ತಪ್ಪಾಗಿ ಹೇಳುತ್ತಾರೆ. ಹಡಗಿನಲ್ಲಿದ್ದವರು ಸುಮಾರು 1,195, ಜೀವಂತ ಉಳಿದವರು 316. ಸತ್ತವರಲ್ಲಿ ಕೆಲವರು ಹಡಗಿನ ಜೊತೆಗೇ ಹೋದರು, ಮಿಕ್ಕವರು ನೀರಿನಲ್ಲಿ ಬಾಯಾರಿಕೆ, ಬಿಸಿಲು, ಗಾಯ, ಶಾರ್ಕ್ ಎಲ್ಲದಕ್ಕೂ ಸಿಕ್ಕರು. ಆ ಇಡೀ ದೃಶ್ಯದಲ್ಲಿ ಒಂದೂ ಮೀನಿಲ್ಲ. ಒಬ್ಬ ಮನುಷ್ಯ ಮೇಜಿನ ಮುಂದೆ ಕೂತು ಮಾತಾಡುತ್ತಾನೆ, ಅಷ್ಟೇ. ಶಾರ್ಕ್ ಸಿನಿಮಾಗಳಲ್ಲೇ ಅದಕ್ಕಿಂತ ಅಂಜಿಕೆಯ ದೃಶ್ಯ ನಾನು ನೋಡಿಲ್ಲ.

ಕಾಕಾ "ನಿಂದರ್ಸ" ಅಂದರು. ನಿಲ್ಲಿಸಿದೆ.

"ಎಷ್ಟ ಮಂದಿ ಉಳದ್ರಂದಿ?"

"ಮುನ್ನೂರಾ ಹದಿನಾರು."

"ಆಂವಾ ಆ ಲೆಕ್ಕ ಮರೀಲಿಲ್ಲ ನೋಡ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹೂಂ, ಹಚ್ಚ" ಅಂದರು. ಹನ್ನೆರಡು ವರ್ಷದ ಹಿಂದೆ ನಾನು ಹರಿದ ಟೇಪಿನಲ್ಲಿ ಅವರಿಗೆ ತಪ್ಪಿಸಿದ್ದು ಇದನ್ನೇ.

ಇನ್ನು ನೀವು ಕೇಳಿದ ಹೆಸರುಗಳು. ಗಣಪತಿ ಮುಂದೆ ಹಾಕುವುದಾದರೆ ಒಂದೇ ಹಾಕಿ, 'ಜಾಸ್'. ಶುರುವಿನಲ್ಲಿ ಒಬ್ಬ ಹುಡುಗಿ ಬಟ್ಟೆ ಬಿಚ್ಚಿ ಈಜಲು ಹೋಗುವ ದೃಶ್ಯ ಇದೆ, ಆಮೇಲೆ ಒಬ್ಬ ಸಣ್ಣ ಹುಡುಗನ ಸಾವೂ ಇದೆ. ಆದ್ದರಿಂದ ಮಕ್ಕಳು ಮಲಗಿದ ಮೇಲೆ ಹಾಕಿ.

ಮನೆಯಲ್ಲಿ ಇಬ್ಬರು ಮೂವರು ಕೂತು ನೋಡುವುದಾದರೆ 'ಓಪನ್ ವಾಟರ್', 2003ರದು. ಎಂಬತ್ತು ನಿಮಿಷಕ್ಕೆ ಮುಗಿಯುತ್ತದೆ. 1998ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಹತ್ತಿರ ದೋಣಿಯವರು ತಲೆ ಎಣಿಸುವುದರಲ್ಲಿ ತಪ್ಪಿ, ಡೈವಿಂಗ್ ಹೋದ ಗಂಡ ಹೆಂಡತಿಯನ್ನು ನಡುನೀರಲ್ಲೇ ಬಿಟ್ಟು ಬಂದರು. ಆ ಘಟನೆಯಿಂದ ಹುಟ್ಟಿದ ಸಿನಿಮಾ. ತೆಗೆದವರೂ ಗಂಡ ಹೆಂಡತಿಯೇ, ಸಣ್ಣ ಡಿಜಿಟಲ್ ಕ್ಯಾಮೆರಾದಲ್ಲಿ, ನಿಜವಾದ ಶಾರ್ಕ್‌ಗಳ ನಡುವೆ ನಟರನ್ನು ಇಳಿಸಿ. ಅದನ್ನು ಗುಂಪಿನಲ್ಲಿ ನೋಡಬೇಡಿ, ಸತ್ತುಹೋಗುತ್ತದೆ. 2010ರ ಆಸ್ಟ್ರೇಲಿಯಾದ 'ದಿ ರೀಫ್' ಅದೇ ಜಾತಿಯದು, ಅದರಲ್ಲೂ ನಿಜವಾದ ಬಿಳಿ ಶಾರ್ಕಿನ ಚಿತ್ರಗಳನ್ನೇ ಬಳಸಿದ್ದಾರೆ. 2016ರ 'ದಿ ಶ್ಯಾಲೋಸ್' ಒಂದು ಬಂಡೆ, ಒಬ್ಬ ಹುಡುಗಿ, ಒಂದು ಮೀನು. ಕೊನೆಯ ಹತ್ತು ನಿಮಿಷ ನನಗೆ ಹಿಡಿಸಲಿಲ್ಲ, ಅಲ್ಲಿಯತನಕ ಗಟ್ಟಿ. 1999ರ 'ಡೀಪ್ ಬ್ಲೂ ಸೀ' ಒಂದೇ ಒಂದು ದೃಶ್ಯಕ್ಕಾಗಿ ನೋಡಬಹುದು. ಯಾವುದು ಅಂತ ಹೇಳುವುದಿಲ್ಲ, ಹೇಳಿದರೆ ಕೆಟ್ಟಿತು. ನಿಮ್ಮ ಹುಡುಗರು ಕೇಳುತ್ತಿರುವುದು ಬಹುಶಃ 2018ರ 'ದಿ ಮೆಗ್'. ಮೀನು ಬೇಕಾದಷ್ಟು ಕಾಣುತ್ತದೆ, ಎರಡು ದಿನದ ಮೇಲೆ ಒಂದು ದೃಶ್ಯವೂ ನೆನಪಿರುವುದಿಲ್ಲ.

ಇನ್ನೊಂದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮೈಕ್ ಪಾಂಡೆ ಅವರ 'ಶೋರ್ಸ್ ಆಫ್ ಸೈಲೆನ್ಸ್', 2000ದ ಸಾಕ್ಷ್ಯಚಿತ್ರ. ಗುಜರಾತಿನ ಕಡಲಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಕೊಲ್ಲುತ್ತಿದ್ದುದನ್ನು ತೋರಿಸಿತು. ಹನ್ನೆರಡು ಮೀಟರ್ ಮೀರಿ ಬೆಳೆಯುವ, ಮನುಷ್ಯರಿಗೆ ಏನೂ ಮಾಡದ, ನೀರು ಸೋಸಿ ಸಣ್ಣ ಜೀವಿಗಳನ್ನು ತಿನ್ನುವ ಮೀನು ಅದು. ಮರುವರ್ಷವೇ, 2001ರಲ್ಲಿ, ಅದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಪಟ್ಟಿಗೆ ಸೇರಿಸಿದರು. 'ಜಾಸ್' ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಕೂಡ ಕೊನೆಯ ವರ್ಷಗಳಲ್ಲಿ ಶಾರ್ಕ್ ಉಳಿಸಲು ದುಡಿದರು, ಅಂಥ ಪುಸ್ತಕ ಈಗ ಬರೆಯಲಾರೆ ಅಂದರು. 'ಜಾಸ್' ಮುಗಿದ ಮೇಲೆ ಮೈಕ್ ಹಿಡಿದು ಇದನ್ನು ಎರಡು ಮಾತಲ್ಲಿ ಹೇಳಿ. ಮಂದಿ ಆಗ ಕೇಳುವ ಸ್ಥಿತಿಯಲ್ಲಿರುತ್ತಾರೆ.

ಮೊದಲು ಮಾತ್ರ ಮೈಕಿನಲ್ಲಿ ಮೀನಿನ ಮಾತೆತ್ತಬೇಡಿ. ಸಮುದ್ರದ ದಂಡೆಯ ಒಂದು ಊರಿನ ಸಿನಿಮಾ ಅನ್ನಿ ಸಾಕು. ಪ್ರೊಜೆಕ್ಟರ್ ಸಾಧಾರಣದ್ದಾದರೂ ನಡೆಯುತ್ತದೆ, ಉಳಿದ ದುಡ್ಡನ್ನು ಸ್ಪೀಕರಿಗೆ ಹಾಕಿ. ಹಿಂದಿನ ದಿನ ನೀವು ಒಬ್ಬರೇ ಕೂತು ಪೂರ್ತಿ ನೋಡಿ, ಎಲ್ಲೆಲ್ಲಿ ಎರಡು ಮಾತು ಕನ್ನಡದಲ್ಲಿ ಹೇಳಬೇಕು ಅಂತ ಗುರುತು ಮಾಡಿಕೊಳ್ಳಿ. ಹುಡುಗರು ಹಿಂದಿನಿಂದ "ಮೀನ ಎಲ್ಲೈತಿ" ಅಂತ ಕೂಗಿಯೇ ಕೂಗುತ್ತಾರೆ. ಅದಕ್ಕೇ ಶುರುವಾದ ಕೂಡಲೇ ರಿಮೋಟನ್ನು ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರ ಕೈಗೆ ಕೊಟ್ಟುಬಿಡಿ.