ಮನೆಮಾತು ಕೇಳಿಸಿಕೊಳ್ಳುವ ಯಂತ್ರ

ಪ್ರಶ್ನೆ: ಮಗ ಪಡಸಾಲೆಯಲ್ಲಿ ಅಲೆಕ್ಸಾ ಎಂಬ, ಮಾತಿಗೆ ಉತ್ತರ ಕೊಡುವ ಯಂತ್ರವನ್ನು ತಂದಿಟ್ಟಿದ್ದಾನೆ. ಭತ್ತದ ದರ, ಸಾಲದ ಲೆಕ್ಕವನ್ನೆಲ್ಲ ನಾವು ಅಲ್ಲೇ ಮಾತನಾಡುತ್ತೇವೆ. ಅದು ಸದಾ ಕೇಳಿಸಿಕೊಳ್ಳುತ್ತದೆಯೇ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ತಮ್ಮ ಆತಂಕ ಸಕಾರಣವಾದದ್ದು. ಮೈಕ್ ಸದಾ ತೆರೆದಿರುತ್ತದೆ. ಆದರೆ ‘ಅಲೆಕ್ಸಾ’ ಎಂದು ಕರೆದಾಗ, ಇಲ್ಲವೇ ಟಿ.ವಿ.ಯ ಸದ್ದನ್ನೋ ಆ ಹೆಸರನ್ನು ಹೋಲುವ ಬೇರೆ ಮಾತನ್ನೋ ಆ ಕರೆಯೆಂದು ತಪ್ಪಾಗಿ ಗ್ರಹಿಸಿದಾಗ, ಧ್ವನಿಯು ಅದನ್ನು ತಯಾರಿಸುವ ಅಮೆಜಾನ್ ಕಂಪನಿಯ ಸರ್ವರ್‌ಗೆ (ದೂರದ ಕಂಪ್ಯೂಟರ್‌ಗೆ) ರವಾನೆಯಾಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ಈ ತಪ್ಪು ಗ್ರಹಿಕೆಯೇ. ಇಂತಹ ಕೆಲವು ತುಣುಕುಗಳನ್ನು ಕಂಪನಿಯ ನೌಕರರೂ ಆಲಿಸುತ್ತಿದ್ದ ಸಂಗತಿ 2019ರಲ್ಲಿ ಬಯಲಾಗಿತ್ತು. ಮೊಬೈಲ್‌ನಲ್ಲಿರುವ ಅಲೆಕ್ಸಾ ಆ್ಯಪ್‌ನ ಗೌಪ್ಯತೆ ವಿಭಾಗದಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಕೇಳಿ ಅಳಿಸಬಹುದು. ಲೆಕ್ಕದ ಮಾತಿಗೆ ಕೂರುವ ಮೊದಲು ಯಂತ್ರದ ಮೈಕ್ ಗುಂಡಿಯನ್ನು ಒತ್ತಿರಿ. ಕೆಂಪು ದೀಪ ಹೊತ್ತಿಕೊಂಡರೆ ಮೈಕ್ ಬಂದ್ ಆಗಿದೆಯೆಂದು ತಿಳಿಯಿರಿ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಪ್ಲಗ್ ಕಿತ್ತಿಡಲು ಸಂಕೋಚ ಬೇಡ.