ಎಂ-ಸೀಲ್ ಆಮೇಲೆ ತನ್ನಿ, ಮೊದಲು ಬ್ಲೇಡು ತನ್ನಿ

ಹಾವೇರಿಯವರಾದ ನೀವು 1965ರ ಸೆಪ್ಟೆಂಬರಿನಲ್ಲಿ ಭಾರತ-ಪಾಕಿಸ್ತಾನ ಯುದ್ಧದಲ್ಲಿ ನಡೆದ ಅಸಲ್ ಉತ್ತರ್ ಟ್ಯಾಂಕ್ ಕದನದ ಡಯೋರಾಮಾ, ಅಂದರೆ ಪುಟ್ಟ ಮಾದರಿ ದೃಶ್ಯ, ಮಾಡಹೊರಟಿದ್ದೀರಿ. 1:35 ಸ್ಕೇಲಿನಲ್ಲಿ (ನಿಜ ಅಳತೆಯ 35ರಲ್ಲಿ ಒಂದು ಭಾಗ) ಆ ಕಾಲದ ಭಾರತೀಯ ಸೈನಿಕರ ಗೊಂಬೆಗಳು ನಿಮಗೆ ಸಿಗುತ್ತಿಲ್ಲ. ಹೊರದೇಶದಿಂದ ರೆಸಿನ್ (ಅಚ್ಚಿಗೆ ಎರೆಯುವ ರಾಳ) ಗೊಂಬೆ ತರಿಸುವುದೋ, ಕೈಯಲ್ಲಿರುವ ಜರ್ಮನ್ ಸೈನಿಕರನ್ನೇ ಮಾರ್ಪಡಿಸುವುದೋ, ಎಂ-ಸೀಲಿನಲ್ಲಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಪುಟ್ಟಿ) ಬುಡದಿಂದಲೇ ಮಾಡುವುದೋ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಹುಬ್ಬಳ್ಳಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನೂ ಇದೇ ಕೆಲಸಕ್ಕೆ ಒಂದು ಮಾದರಿ ಜೀಪು, ಇಂಥವೇ ಜರ್ಮನ್ ಗೊಂಬೆಗಳನ್ನು ಹರವಿಕೊಂಡು ಕುಳಿತಿದ್ದೆ.

ನಾನು ಆರಿಸಿಕೊಂಡ ದೃಶ್ಯ ಚಿಕ್ಕದು: ಖೇಮಕರಣ್ ಸೀಮೆಯ ಕಬ್ಬಿನ ಹೊಲದ ಅಂಚು, 106 ಮಿ.ಮೀ. ರಿಕಾಯಿಲ್‌ಲೆಸ್ ಗನ್ (ಹಾರಿದಾಗ ಹಿಂದಕ್ಕೆ ಒದೆಯದ, ಟ್ಯಾಂಕು ಹೊಡೆಯುವ ಗನ್) ಹೊತ್ತ ಜೀಪು, ನಾಲ್ವರು ಸೈನಿಕರು. ಅಂಥ ಜೀಪಿನಿಂದಲೇ ಕಾಲಾಳು ಪಡೆ 4 ಗ್ರೆನೇಡಿಯರ್ಸ್‌ನ ಅಬ್ದುಲ್ ಹಮೀದ್ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದುರುಳಿಸಿ ಹುತಾತ್ಮರಾದರು, ಪರಮವೀರ ಚಕ್ರಕ್ಕೆ ಪಾತ್ರರಾದರು. ಗನ್ನಿನ ಕೆಲಸ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಹೆಸರಿಗೆ 106 ಆದರೂ ಅದರ ನಳಿಗೆಯ ಒಳ ಅಳತೆ 105 ಮಿ.ಮೀ.; ಹಿಂದಿನ 105ರ ಮದ್ದುಗುಂಡಿನೊಡನೆ ಬೆರೆತುಹೋಗದಿರಲೆಂದು ಹಾಗೆ ಕರೆದರು. 35ರಿಂದ ಭಾಗಿಸಿದರೆ ಸರಿಯಾಗಿ 3 ಮಿ.ಮೀ. ಬರುತ್ತದೆ. ದುರ್ಗದಬೈಲಿನಲ್ಲಿ ಬಲೂನಿಗೆ ಸಿಕ್ಕಿಸಿಕೊಡುವ ಪ್ಲಾಸ್ಟಿಕ್ ಕೊಳವೆಯಲ್ಲೇ ಅದನ್ನು ಮುಗಿಸಿದೆ. ನಾನು ಸೋತದ್ದು ಮನುಷ್ಯರಲ್ಲಿ.

ಜರ್ಮನ್ ಸೈನಿಕನ ಕೋಟಿಗೆ ನಾಲ್ಕು ಜೇಬುಗಳು, ಬೆಲ್ಟಿನ ಕೆಳಗೆ ಲಂಗದಂತೆ ಹರಡಿದ ಅಂಚು, ಕಾಲಿಗೆ ಮೊಣಕಾಲಿನ ಹತ್ತಿರದವರೆಗೆ ಬರುವ ಬೂಟು. ಇವನ್ನೆಲ್ಲ ಕೆತ್ತಿ ತೆಗೆಯುವ ಬೇಸರಕ್ಕೆ ನಾನು ಎಂ-ಸೀಲನ್ನು ರೊಟ್ಟಿಯಂತೆ ತಟ್ಟಿ, ಹಳೆಯ ಕೋಟಿನ ಮೇಲೆಯೇ ಹೊಸ ಅಂಗಿಯನ್ನೂ ಬೂಟಿನ ಮೇಲೆಯೇ ಹೊಸ ಪ್ಯಾಂಟನ್ನೂ ಹೊದಿಸಿದೆ. ಪದರದ ದಪ್ಪ ಒಂದು ಮಿ.ಮೀ.; ಒಂದು ಮಿ.ಮೀ. ಯಾವ ಲೆಕ್ಕ ಎಂದುಕೊಂಡೆ. ಲೆಕ್ಕ ಹೀಗಿದೆ: ಈ ಸ್ಕೇಲಿನಲ್ಲಿ ಒಂದು ಮಿ.ಮೀ. ಎಂದರೆ ಮೂರೂವರೆ ಸೆಂ.ಮೀ. ಎದೆಯ ಸುತ್ತಲೂ ಅಷ್ಟು ದಪ್ಪ ಬಳಿದರೆ ಸುತ್ತಳತೆ 22 ಸೆಂ.ಮೀ. ಹೆಚ್ಚುತ್ತದೆ, ಅಂದರೆ 36 ಇಂಚು ಎದೆಯ ಹುಡುಗ ಒಂದೇ ಸಂಜೆಯಲ್ಲಿ 44 ಇಂಚು ದಾಟುತ್ತಾನೆ. ಅವನ ತಲೆ, ಕೈಗಳು ಮಾತ್ರ ಹಳೆಯ ಅಳತೆಯಲ್ಲೇ ಉಳಿಯುತ್ತವೆ. ಮೂಗಿಗಿಂತ ಮೂಗುತಿ ಭಾರವಾಯಿತು. ಬಣ್ಣ ಹಚ್ಚಿ ಮುಗಿಸಿದ ದಿನ ನನ್ನ ಹೆಂಡತಿ ನೋಡಿ, "ಸೆಪ್ಟೆಂಬರ್ ತಿಂಗಳದಾಗ ಇವರಿಗೆಲ್ಲಾ ಸ್ವೆಟರ್ ಯಾಕ ಹಾಕೀರಿ?" ಎಂದಳು.

ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು. ಚಾಲಕನನ್ನು ಜೀಪಿನಲ್ಲಿ ಕೂರಿಸಲು ಹೋದಾಗ ಅವನ ತೊಡೆ ಸ್ಟೀರಿಂಗ್ ಚಕ್ರದ ಕೆಳಗೆ ಹೋಗಲೊಲ್ಲದು. ತಪ್ಪು ಸೈನಿಕನಲ್ಲಿದೆ ಎಂದು ಒಪ್ಪಿಕೊಳ್ಳುವ ಬದಲು ನಾನು ಸೀಟನ್ನು ಉಜ್ಜಿ ತಗ್ಗಿಸಿದೆ, ಆಗ ಅವನ ಕಾಲು ಪೆಡಲ್ಲಿಗೆ ತಾಗಿ ಮಡಚಿಕೊಂಡಿತು, ಪೆಡಲನ್ನು ಕತ್ತರಿಸಿದೆ. ಕೊನೆಗೆ ನಾಲ್ಕು ತಿಂಗಳ ಭಾನುವಾರಗಳೂ ನಾಲ್ವರು ಸೈನಿಕರೂ ಒಂದು ಒಳ್ಳೆಯ ಜೀಪೂ ಒಟ್ಟಿಗೇ ಹಾಳಾದವು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಇದ್ದಂತೆ ಒಪ್ಪುವುದಿಲ್ಲ. ಯಾವುದನ್ನು ಹಚ್ಚಬೇಕು ಎಂದು ನೀವು ಕೇಳುತ್ತಿದ್ದೀರಿ; ಎಷ್ಟು ತೆಗೆಯಬೇಕು ಎಂದು ಯಾರೂ ಕೇಳುವುದಿಲ್ಲ. ನಾವು ತೊಡುವ ಅಂಗಿಯ ಬಟ್ಟೆ ಅರ್ಧ ಮಿ.ಮೀ. ದಪ್ಪವಿದ್ದರೆ, ಈ ಸ್ಕೇಲಿನಲ್ಲಿ ಅದು ಒಂದು ಮಿ.ಮೀ.ನ ಎಪ್ಪತ್ತನೆಯ ಒಂದು ಭಾಗ, ತಲೆಗೂದಲಿಗಿಂತ ತೆಳು. ಅಂದಮೇಲೆ ಬಟ್ಟೆಗೆ ಇಲ್ಲಿ ದಪ್ಪವೆಂಬುದೇ ಇಲ್ಲ, ಕಾಣುವುದು ಅದರ ನೆರಿಗೆ ಮಾತ್ರ. ಔಷಧದ ಅಂಗಡಿಯಿಂದ 11ನೇ ನಂಬರಿನ ಸರ್ಜಿಕಲ್ ಬ್ಲೇಡು, ಅದಕ್ಕೆ 3ನೇ ನಂಬರಿನ ಹಿಡಿ ತನ್ನಿ. ಜೇಬು, ಕಾಲರ್, ಕೋಟಿನ ಅಂಚು, ಬೂಟಿನ ದಪ್ಪ ಎಲ್ಲವನ್ನೂ ಹೆರೆದು, ಆಮೇಲೆ ಎದೆ ಮತ್ತು ತೊಡೆಯನ್ನು ಇನ್ನೂ ಅರ್ಧ ಮಿ.ಮೀ. ತಗ್ಗಿಸಿ. ಸೈನಿಕ ಉಪವಾಸವಿದ್ದವನಂತೆ ಕಂಡಾಗ ಪುಟ್ಟಿಯ ಡಬ್ಬಿ ತೆರೆಯಿರಿ. ಸಣ್ಣ ಉಂಡೆಯನ್ನು ಒತ್ತಿ ತೆಳುವಾಗಿ ಹರಡಿ, ಅರ್ಧ ಗಂಟೆ ಬಿಗಿಯಲು ಬಿಟ್ಟು, ನೀರಿನಲ್ಲಿ ಅದ್ದಿದ ಮೊಂಡು ಸೂಜಿಯಿಂದ ಮೊಣಕೈ, ಕಂಕುಳು, ಮೊಣಕಾಲಿನ ಹಿಂಭಾಗಗಳಲ್ಲಿ ನೆರಿಗೆ ಒತ್ತಬೇಕು. ಎಂ-ಸೀಲ್ ಸ್ವಲ್ಪ ತರಿತರಿಯಾಗಿರುತ್ತದೆ, ಆದರೆ ಮೊದಲ ಗೊಂಬೆಗಳಿಗೆ ಅದೇ ಸಾಕು.

ರೆಸಿನ್ನಿನಲ್ಲಿ ಇಡೀ ಗೊಂಬೆ ತರಿಸಬೇಡಿ, ತಲೆಗಳನ್ನು ಮಾತ್ರ ತರಿಸಿ. ಆರೂವರೆ ಮಿ.ಮೀ. ಎತ್ತರದ ತಲೆಯಲ್ಲಿ ಕಣ್ಣು, ಮೂಗು ಕೆತ್ತುವುದು ಹೊಸಬರ ಕೈಗೆ ಒಗ್ಗುವ ಕೆಲಸವಲ್ಲ. ಕೈಕಾಲುಗಳ ಭಂಗಿ ಬದಲಿಸಲು ಕೀಲಿನಲ್ಲಿ ಕತ್ತರಿಸಿ, ಹಳೆಯ ವೈರಿನ ತಾಮ್ರದ ತಂತಿ ಚುಚ್ಚಿ ಜೋಡಿಸಿ. ಬೆಲ್ಟಿಗೆ ಮಾತ್ರೆಗಳ ಪಟ್ಟಿಯ ಅಲ್ಯೂಮಿನಿಯಂ ಹಾಳೆಯನ್ನು 1.6 ಮಿ.ಮೀ. ಅಗಲಕ್ಕೆ ಕತ್ತರಿಸಿ, ಎರಡೂಕಾಲು ಇಂಚಿನ ಮಿಲಿಟರಿ ಬೆಲ್ಟಿಗೆ ಅದು ಸರಿಹೊಂದುತ್ತದೆ. ಬುಡದಿಂದ ಒಬ್ಬನನ್ನು ಮಾತ್ರ ಮಾಡಿ. ನಾನು ಮಾಡಿದ್ದು ಮದ್ದುಗುಂಡು ಎತ್ತಿಕೊಡಲು ಬಾಗಿದವನನ್ನು, ಏಕೆಂದರೆ ಆ ಭಂಗಿ ಯಾವ ಕಿಟ್ಟಿನಲ್ಲೂ ಸಿಗಲಿಲ್ಲ, ಮುಖವೂ ನೆಲದತ್ತ ಇತ್ತು. ಗನ್ನಿನ ನೇರ ಹಿಂದೆ ಮಾತ್ರ ಯಾರನ್ನೂ ನಿಲ್ಲಿಸಬೇಡಿ. ಈ ಗನ್ ಹಾರಿದಾಗ ಬಿಸಿ ಅನಿಲ ರಭಸದಿಂದ ಹಿಂದಕ್ಕೆ ನುಗ್ಗುತ್ತದೆ. ನನ್ನ ಮೊದಲ ದೃಶ್ಯದಲ್ಲಿ ಒಬ್ಬ ಅಲ್ಲಿಯೇ ನಿಂತು ದುರ್ಬೀನು ನೋಡುತ್ತಿದ್ದ.

ಇನ್ನೊಂದು ಮಾತು: ಚಾಲಕನಿಂದ ಆರಂಭಿಸಿ. ಹೆರೆದ ಮೇಲೊಮ್ಮೆ, ಪುಟ್ಟಿ ಗಟ್ಟಿಯಾದ ಮೇಲೊಮ್ಮೆ ಅವನನ್ನು ಸೀಟಿನಲ್ಲಿ ಕೂರಿಸಿ ನೋಡಿ. ಸ್ಟೀರಿಂಗ್ ಚಕ್ರ ತೊಡೆಗೆ ತಾಗದಿದ್ದರೆ ಮಾತ್ರ ಕೈಗಳನ್ನು ಅಂಟಿಸಿ.