ಬೆನ್ನುಹುರಿಗೆ ಪೆಟ್ಟಾದವರನ್ನು ಮನೆಯಲ್ಲಿ ನೋಡಿಕೊಳ್ಳಲು ಒಳ್ಳೆಯ ಹೊಸ ಪುಸ್ತಕ ಯಾವುದಿದೆ?

ನೀವು ಕೇಳಿದ್ದು ಇಷ್ಟು: ಅಣ್ಣ ಅಡಿಕೆ ಮರದಿಂದ ಬಿದ್ದರು, ಬೆನ್ನುಮೂಳೆಗೆ ಆಪರೇಷನ್ ಆಯಿತು, ಸೊಂಟದ ಕೆಳಗೆ ಬಲವೂ ಇಲ್ಲ, ಮುಟ್ಟಿದ್ದು ಗೊತ್ತೂ ಆಗುವುದಿಲ್ಲ. ಈಗ ಮನೆಗೆ ಕಳಿಸಿದ್ದಾರೆ. ಅಂಗವೈಕಲ್ಯ, ಪುನರ್ವಸತಿ ಬಗ್ಗೆ ಇತ್ತೀಚೆಗೆ ಬಂದ ಪುಸ್ತಕ, ಮಾಹಿತಿಗಳಲ್ಲಿ ಮನೆಯವರಿಗೆ ಉಪಯೋಗಕ್ಕೆ ಬರುವಂಥದ್ದು ಯಾವುದು? ಅಣ್ಣನಿಗೂ ಓದಲು ಏನಾದರೂ ಕೊಡಬೇಕಾ?

ನಾನು ಫಿಸಿಯೋಥೆರಪಿಸ್ಟ್. ಶಿರಸಿ, ಸಿದ್ದಾಪುರದ ಕಡೆ ಮನೆಗಳಿಗೇ ಹೋಗಿ ಕೆಲಸ ಮಾಡುತ್ತೇನೆ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರ ಮನೆಗಳಿಗೆ ಹೋಗುವುದು ನನಗೆ ಹೊಸದಲ್ಲ. ಹಾಗಾಗಿ ಯಾವ ಪುಸ್ತಕ ದೊಡ್ಡದು ಅಂತ ಹೇಳುವುದಕ್ಕಿಂತ, ಇಂಥ ಮನೆಗಳಲ್ಲಿ ಯಾವುದು ನಿಜವಾಗಿ ಕೈಗೆ ಸಿಗುತ್ತದೆ, ಯಾವುದು ಸುಮ್ನೆ ಕಪಾಟಿನಲ್ಲಿ ಕೂರುತ್ತದೆ ಅನ್ನುವುದನ್ನು ಹೇಳುತ್ತೇನೆ.

ನಿಮಗೆ ಎಲ್ಲದಕ್ಕೂ ಹೊಸ ಪುಸ್ತಕ ಬೇಕಿಲ್ಲ. ಚರ್ಮ ಕಾಯುವುದು, ಮಗ್ಗುಲು ಬದಲಿಸುವುದು, ಮಂಚದಿಂದ ಕುರ್ಚಿಗೆ ದಾಟುವುದು, ಇವೆಲ್ಲ ಹೆಚ್ಚು ಬದಲಾಗಿಲ್ಲ. ವೀಲ್‌ಚೇರ್, ಸರ್ಟಿಫಿಕೇಟು, ಕಾನೂನು, ಮತ್ತೆ ‘ಹೊಸ ಚಿಕಿತ್ಸೆ’ ಅಂತ ಮಾರಿಕೊಂಡು ಬರುವವರ ವಿಷಯ, ಇವಕ್ಕೆ ಮಾತ್ರ ಹೊಸದನ್ನೇ ನೋಡಬೇಕು.

ಮೊದಲನೆಯ ಕೆಲಸಕ್ಕೆ ನಾನು ಈಗಲೂ ಕೊಡುವುದು 1987ರ ಪುಸ್ತಕ. ಡೇವಿಡ್ ವರ್ನರ್ ಬರೆದ ‘ಡಿಸೇಬಲ್ಡ್ ವಿಲೇಜ್ ಚಿಲ್ಡ್ರನ್’. ಮೆಕ್ಸಿಕೋದ ಸಿನಲೋವಾ ರಾಜ್ಯದ ಬೆಟ್ಟಗಳಲ್ಲಿ ಅಜೋಯಾ ಅಂತ ಒಂದು ಹಳ್ಳಿ. ಅಲ್ಲಿ ಅಂಗವಿಕಲರೇ ನಡೆಸುತ್ತಿದ್ದ ಪುನರ್ವಸತಿ ಕೇಂದ್ರದ ಅನುಭವದಿಂದ ಹುಟ್ಟಿದ್ದು ಇದು. ವರ್ನರ್ ಡಾಕ್ಟರ್ ಅಲ್ಲ, ಜೀವಶಾಸ್ತ್ರದ ಮೇಷ್ಟರು. ಅವರಿಗೂ ವಂಶವಾಹಿಯಾಗಿ ಬಂದ ಸ್ನಾಯು ದೌರ್ಬಲ್ಯ ಇದೆ. ಹೆಸರಿನಲ್ಲಿ ‘ಮಕ್ಕಳು’ ಅಂತ ಇದೆಯಲ್ಲ ಅಂತ ಬಿಡಬೇಡಿ. ಆ ಕೇಂದ್ರಕ್ಕೆ ಗುಂಡೇಟು ಬಿದ್ದು ಬೆನ್ನುಹುರಿ ಹಾಳಾದ ಯುವಕರೂ ಬರುತ್ತಿದ್ದರು. ಬೆನ್ನುಹುರಿಯ ಪೆಟ್ಟು, ಒತ್ತುಹುಣ್ಣು (ಬೆಡ್ ಸೋರ್), ಮಲಮೂತ್ರದ ನಿರ್ವಹಣೆ, ಈ ಮೂರು ಅಧ್ಯಾಯಗಳು ಒಂದರ ಹಿಂದೆ ಒಂದು ಬರುತ್ತವೆ. ಒಟ್ಟು ಪುಸ್ತಕ 600 ಪುಟ ದಾಟುತ್ತದೆ, ಆದರೆ ನಿಮಗೆ ಸದ್ಯಕ್ಕೆ ಇಷ್ಟೇ ಸಾಕು. ಹೆಸ್ಪೇರಿಯನ್ ಅನ್ನುವ ಸಂಸ್ಥೆಯ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಆ ಅಧ್ಯಾಯಗಳನ್ನು ಪ್ರಿಂಟ್ ತೆಗೆಸಿ ಮಂಚದ ಹತ್ತಿರ ಇಡಿ. ಇಂಗ್ಲಿಷಿನಲ್ಲಿದೆ ನಿಜ, ಆದರೆ ಪುಟಪುಟಕ್ಕೂ ರೇಖಾಚಿತ್ರ ಇದೆ. ಯಾರಾದರೂ ಒಂದು ಸಲ ಓದಿ ಹೇಳಿದರೆ ಆಮೇಲೆ ಅಮ್ಮನೂ ಚಿತ್ರ ನೋಡಿಕೊಂಡೇ ಮಾಡುತ್ತಾರೆ.

ಒತ್ತುಹುಣ್ಣಿನ ಅಧ್ಯಾಯವನ್ನು ಮಾತ್ರ ಇವತ್ತೇ ಓದಿ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಎರಡನೇ ಮಹಾಯುದ್ಧಕ್ಕೆ ಮುಂಚೆ ಇಂಥ ಪೆಟ್ಟಾದವರು ಬಹುಪಾಲು ಸಾಯುತ್ತಿದ್ದುದು ಬೆನ್ನಿನ ಗಾಯದಿಂದಲ್ಲ, ಬೆಡ್ ಸೋರ್ ಮತ್ತು ಮೂತ್ರದ ಸೋಂಕಿನಿಂದ. 1944ರಲ್ಲಿ ಲುಡ್ವಿಗ್ ಗಟ್‌ಮನ್ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗ ಶುರು ಮಾಡಿದರು. ಹಗಲು ರಾತ್ರಿ ಎನ್ನದೆ ಎರಡೆರಡು ಗಂಟೆಗೆ ರೋಗಿಯ ಮಗ್ಗುಲು ಬದಲಿಸಲೇಬೇಕು ಅಂತ ಹಟ ಹಿಡಿದರು. ಯಾವ ಔಷಧಿಯೂ ಅಲ್ಲ, ಮಗ್ಗುಲು ಬದಲಿಸುವುದು! ಅದರಿಂದಲೇ ಎಷ್ಟೋ ಜನ ಬದುಕಿದರು. ಪ್ಯಾರಾಲಿಂಪಿಕ್ಸ್‌ನ ಬೇರೂ ಅದೇ ಆಸ್ಪತ್ರೆಯ ಅಂಗಳದಲ್ಲಿ 1948ರಲ್ಲಿ ನಡೆದ ಆಟದಲ್ಲಿದೆ.

ಮನೆಯಲ್ಲಿ ಹೀಗೆ ಮಾಡಿ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು. ಕೂತಿದ್ದಾಗ 15ರಿಂದ 30 ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತುವುದು, ಇಲ್ಲವೇ ಮುಂದಕ್ಕೆ, ಪಕ್ಕಕ್ಕೆ ಚೆನ್ನಾಗಿ ವಾಲುವುದು. ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು ಬೆನ್ನಿನ ಕೆಳತುದಿ, ಕುಂಡೆಯ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ ನೋಡಬೇಕು. ಅಣ್ಣನೇ ಕನ್ನಡಿ ಹಿಡಿದು ನೋಡಿಕೊಳ್ಳಲು ಕಲಿತರೆ ಇನ್ನೂ ಒಳ್ಳೆಯದು. ಕೆಂಪಾದ ಜಾಗ ಒತ್ತಡ ತೆಗೆದ ಮೇಲೂ ಹಾಗೇ ಉಳಿದರೆ ಅದರ ಮೇಲೆ ಭಾರ ಬೀಳಬಾರದು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ, ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ.

ಮಲೆನಾಡಿನವರಿಗೆ ಬೇರೆಯಾಗಿ ಒಂದು ಮಾತು. ಬಚ್ಚಲ ಹಂಡೆಯ ನೀರು, ಚಳಿಗಾಲದಲ್ಲಿ ಕಾಲು ಕಾಯಿಸುವ ಬೆಂಕಿ, ಬಿಸಿ ಎಣ್ಣೆಯ ನೀವಿಕೆ, ಬೈಕಿನ ಸೈಲೆನ್ಸರ್. ಅಣ್ಣನಿಗೆ ಬಿಸಿ ಗೊತ್ತಾಗುವುದಿಲ್ಲ. ಸುಟ್ಟಿದ್ದು ಕಾಣುವುದು ಬೊಬ್ಬೆ ಎದ್ದ ಮೇಲೆ. ನೀರನ್ನು ಪ್ರತಿ ಸಲವೂ ಬೇರೆಯವರ ಕೈಯಿಂದ ಮುಟ್ಟಿ ನೋಡಿಸಿ.

ಅದೇ ಪುಸ್ತಕದಲ್ಲಿ ಹುಣ್ಣಿಗೆ ಜೇನುತುಪ್ಪ, ಸಕ್ಕರೆ ತುಂಬುವ ವಿಧಾನವೂ ಇದೆ. ಅದನ್ನು ಓದಿ ತಕ್ಷಣ ಅಡುಗೆಮನೆಗೆ ಓಡಬೇಡಿ. ಆಸ್ಪತ್ರೆ ದೂರ ಇದ್ದ ಬೆಟ್ಟದ ಹಳ್ಳಿಗೆ ಬರೆದ ಮಾತದು. ಚರ್ಮ ಒಡೆದಿದ್ದರೆ ಡಾಕ್ಟರಿಗೆ ತೋರಿಸಿಯೇ ಮುಂದಿನದು.

ಮೂತ್ರದ ವಿಷಯಕ್ಕೆ ಬಂದರೆ ಹಳೆಯ ಪುಸ್ತಕದ ಜೊತೆ ಹೊಸದನ್ನೂ ಸೇರಿಸಿ ಓದಬೇಕು. ಎಷ್ಟೋ ಜನರನ್ನು ಒಳಗೇ ಉಳಿಯುವ ಪೈಪ್ ಮತ್ತು ಚೀಲದ ಜೊತೆ ಮನೆಗೆ ಕಳಿಸುತ್ತಾರೆ. ತಿಂಗಳುಗಟ್ಟಲೆ ಅದೇ ಇರುತ್ತದೆ, ಸೋಂಕು ಮೇಲಿಂದ ಮೇಲೆ ಬರುತ್ತದೆ. 1972ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಜ್ಯಾಕ್ ಲಾಪಿಡಿಸ್ ಅನ್ನುವ ಮೂತ್ರರೋಗ ತಜ್ಞರು ಬೇರೆ ದಾರಿ ತೋರಿಸಿದರು. ಕೈ ಚೆನ್ನಾಗಿ ತೊಳೆದು, ಸ್ವಚ್ಛವಾದ ಸಣ್ಣ ಪೈಪನ್ನು ದಿನಕ್ಕೆ ಕೆಲವು ಸಲ ತಾನೇ ಹಾಕಿ, ಮೂತ್ರ ಖಾಲಿ ಮಾಡಿ, ತೆಗೆದುಬಿಡುವುದು. ಇದನ್ನು ಸಿಐಸಿ ಅನ್ನುತ್ತಾರೆ, ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ. ನಿಮ್ಮ ಅಣ್ಣನ ಕೈ ಸರಿ ಇದೆಯಾದ್ದರಿಂದ ಕಲಿಯಬಹುದು. ಎಲ್ಲರಿಗೂ ಹೊಂದುವುದಿಲ್ಲ, ಹಾಗಾಗಿ ಮುಂದಿನ ತಪಾಸಣೆಗೆ ಹೋದಾಗ ‘ಸಿಐಸಿ ಮಾಡಬಹುದಾ, ಯಾರು ಕಲಿಸುತ್ತಾರೆ’ ಅಂತ ನೀವೇ ಬಾಯಿಬಿಟ್ಟು ಕೇಳಿ.

ಇದಕ್ಕೆ ಓದಲು ಕೆನಡಾದ ‘ಸ್ಕೈರ್ ಕಮ್ಯುನಿಟಿ’ ವೆಬ್‌ಸೈಟ್ ಚೆನ್ನಾಗಿದೆ. ಬೆನ್ನುಹುರಿಯ ಸಂಶೋಧನೆಗಳನ್ನು ಸರಳ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತದೆ. ಯಾವ ಮಾತಿಗೆ ಸಾಕ್ಷಿ ಗಟ್ಟಿ ಇದೆ, ಯಾವುದಕ್ಕೆ ತೆಳು ಅನ್ನುವುದನ್ನೂ ಹೇಳುತ್ತದೆ. ಅದು ನನಗೆ ತುಂಬಾ ಇಷ್ಟ. ‘ಈಲರ್ನ್ ಎಸ್‌ಸಿಐ’ ಅಂತ ಇನ್ನೊಂದಿದೆ, ಅಂತರರಾಷ್ಟ್ರೀಯ ಬೆನ್ನುಹುರಿ ಸಂಘ 2012ರಲ್ಲಿ ಶುರು ಮಾಡಿದ್ದು, ಅದೂ ಉಚಿತ. ಆದರೆ ಅದು ಡಾಕ್ಟರು, ನರ್ಸು, ನಮ್ಮಂಥವರಿಗೆ. ನಿಮ್ಮ ಊರಿನ ನರ್ಸ್ ಅಥವಾ ಫಿಸಿಯೋಗೆ ಆಸಕ್ತಿ ಇದ್ದರೆ ಹೆಸರು ಹೇಳಿ, ನೀವು ಕೂತು ಓದಬೇಕಾಗಿಲ್ಲ. ವ್ಯಾಯಾಮದ ಚಿತ್ರಗಳಿಗೆ ಸಿಡ್ನಿಯ ಫಿಸಿಯೋಗಳು ಮಾಡಿದ ‘ಫಿಸಿಯೋಥೆರಪಿ ಎಕ್ಸರ್‌ಸೈಸಸ್ ಡಾಟ್ ಕಾಮ್’ ಸಾಕು. ಯೂಟ್ಯೂಬಿನಲ್ಲಿ ಕಂಡದ್ದನ್ನೆಲ್ಲ ಮಾಡಿಸುವುದಕ್ಕಿಂತ ಅದು ಎಷ್ಟೋ ಮೇಲು.

ಒಂದು ಅಪಾಯದ ಬಗ್ಗೆ ಬೇರೆಯಾಗಿ ಹೇಳಬೇಕು. ಪೆಟ್ಟು ಎದೆಯ ಭಾಗದ 6ನೇ ಕಶೇರುಮಣಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಆಗಿದ್ದರೆ ಬಿಪಿ ಒಮ್ಮೆಲೇ ಏರುವ ಸ್ಥಿತಿ ಬರಬಹುದು. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು. ಪೈಪ್ ಮಡಚಿಕೊಂಡು ಮೂತ್ರ ಕಟ್ಟಿದ್ದು, ಮಲ ಗಟ್ಟಿಯಾಗಿದ್ದು ಇದಕ್ಕೆ ಸಾಮಾನ್ಯ ಕಾರಣ. ಎಬ್ಬಿಸಿ ಕೂರಿಸಬೇಕು, ಬಿಗಿ ಬಟ್ಟೆ ಸಡಿಲಿಸಬೇಕು, ಪೈಪ್ ನೋಡಬೇಕು, ಇಳಿಯದಿದ್ದರೆ ಆಸ್ಪತ್ರೆಗೆ. ಸಣ್ಣ ಊರಿನಲ್ಲಿ ಇದನ್ನು ಕಂಡಿರದ ಡಾಕ್ಟರು ಇರಬಹುದು, ಅದು ಅವರ ತಪ್ಪೂ ಅಲ್ಲ. ‘ಪ್ಯಾರಲೈಸ್ಡ್ ವೆಟರನ್ಸ್ ಆಫ್ ಅಮೆರಿಕ’ ಅನ್ನುವ, ಬೆನ್ನುಹುರಿಗೆ ಪೆಟ್ಟಾದ ಮಾಜಿ ಸೈನಿಕರ ಸಂಘ ಪ್ರಕಟಿಸುವ ಬೆನ್ನುಹುರಿ ಮಾರ್ಗಸೂಚಿಗಳಲ್ಲಿ ಈ ವಿಷಯದ್ದು 2020ರಲ್ಲಿ ಹೊಸದಾಗಿ ಬಂದಿದೆ. ಅದು ಉಚಿತ. ಮುಖ್ಯ ಪುಟ ಪ್ರಿಂಟ್ ತೆಗೆದು ಅಣ್ಣನ ಫೈಲಿನಲ್ಲಿ ಇಡಿ.

ಇನ್ನು ವಿಶ್ವ ಆರೋಗ್ಯ ಸಂಸ್ಥೆಯ ವರದಿಗಳು. ಹುಡುಕಿದರೆ ಮೊದಲು ಸಿಗುವುದು ಇವೇ. 2011ರ ಅಂಗವೈಕಲ್ಯ ವರದಿ, 2013ರ ಬೆನ್ನುಹುರಿ ವರದಿ, 2022ರ ಇನ್ನೊಂದು. ಜಗತ್ತಿನಲ್ಲಿ 130 ಕೋಟಿ ಜನ ಗಣನೀಯ ಅಂಗವೈಕಲ್ಯ ಇರುವವರು ಅಂತ 2022ರದ್ದು ಹೇಳುತ್ತದೆ. ಒಳ್ಳೆಯ ಕೆಲಸವೇ. ಆದರೆ ಅವು ಸರ್ಕಾರಗಳಿಗೆ ಬರೆದ ಪುಸ್ತಕ. ರಾತ್ರಿ 2 ಗಂಟೆಗೆ ಹಾಸಿಗೆ ಒದ್ದೆಯಾದಾಗ ಅವುಗಳಿಂದ ಏನೂ ಪ್ರಯೋಜನವಿಲ್ಲ. ಬಿಡಿ.

ಒಂದನ್ನು ಮಾತ್ರ ಬಿಡಬೇಡಿ: 2023ರ ವೀಲ್‌ಚೇರ್ ಮಾರ್ಗಸೂಚಿ. 2008ರಲ್ಲಿ ಬಂದದ್ದು ಕೈಯಿಂದ ತಳ್ಳುವ ಕುರ್ಚಿಗಳಿಗೆ, ಬಡ ದೇಶಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಹೊಸದು ಎಲ್ಲ ದೇಶಗಳಿಗೂ. ಅದರ ತಿರುಳು ಸರಳ: ಕುರ್ಚಿ ಕೊಟ್ಟರೆ ಮುಗಿಯಲಿಲ್ಲ, ಆರಿಸಬೇಕು, ಮೈಗೆ ಹೊಂದಿಸಬೇಕು, ಬಳಸಲು ಕಲಿಸಬೇಕು, ಆಮೇಲೂ ನೋಡುತ್ತಿರಬೇಕು. ನಮ್ಮಲ್ಲಿ ಏನಾಗುತ್ತದೆ? ಯಾರೋ ದಾನಿಗಳು ಶಿಬಿರ ಮಾಡಿ, ಎಲ್ಲರಿಗೂ ಒಂದೇ ಅಳತೆಯ ಮಡಚುವ ಕುರ್ಚಿ ಕೊಟ್ಟು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆ ಕುರ್ಚಿ ಆಸ್ಪತ್ರೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸಲು ಸರಿ. ದಿನವಿಡೀ ಕೂತರೆ ಜೋತುಬಿದ್ದ ರೆಕ್ಸಿನ್ ಸೀಟಿನಿಂದ ಹುಣ್ಣು ಗ್ಯಾರಂಟಿ. ಸೀಟಿನ ಅಗಲ ಸೊಂಟಕ್ಕೆ ಹತ್ತಿರ ಇರಬೇಕು, ಪಾದದ ಹಲಗೆಯ ಎತ್ತರ ಸರಿ ಇರಬೇಕು, ಒತ್ತಡ ಹಂಚುವ ಕುಶನ್ ಇರಲೇಬೇಕು. ದುಡ್ಡು ಕಡಿಮೆ ಇದ್ದರೆ ಕುರ್ಚಿಯ ಹೊಳಪಿನಲ್ಲಿ ಉಳಿಸಿ, ಕುಶನ್‌ನಲ್ಲಿ ಉಳಿಸಬೇಡಿ. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಸಲಕರಣೆ ಸಿಗುತ್ತದೆ, ಹೋಗುವಾಗ ಅಳತೆ ಬರೆದುಕೊಂಡು ಹೋಗಿ. ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾ, ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆಗಳು ವರ್ಷಗಳಿಂದ ಈ ಕ್ಷೇತ್ರದಲ್ಲಿವೆ. ಎಪಿಡಿ 1959ರಷ್ಟು ಹಳೆಯದು, ಕಟ್ಟಿದವರು ಎನ್.ಎಸ್. ಹೇಮಾ, ಅವರೂ ವೀಲ್‌ಚೇರಿನಲ್ಲಿ ಇದ್ದವರೇ.

ಕಾನೂನಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಓದು. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು, ಇದರಲ್ಲಿ 21. 2016ಕ್ಕೂ ಮುಂಚಿನ ಕೈಪಿಡಿ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ವೈಕಲ್ಯವನ್ನು ಶೇಕಡಾವಾರು ಅಳೆಯುವ ಮಾರ್ಗಸೂಚಿ 2024ರ ಮಾರ್ಚ್‌ನಲ್ಲಿ ಬದಲಾಗಿದೆ. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಬೇಕು. ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಬೇಕು. ಇದನ್ನೆಲ್ಲ ಒಬ್ಬರೇ ಮಾಡಬೇಕಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ), ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ ಅಂತ ಇರುತ್ತಾರೆ. ಪಂಚಾಯತಿಗೆ ಹೋಗಿ ‘ವಿಆರ್‌ಡಬ್ಲ್ಯೂ ಯಾರು’ ಅಂತ ಕೇಳಿ. ಅವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು, ಯಾವ ಟೇಬಲ್ಲಿಗೆ ಯಾವ ಕಾಗದ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಚಿಕಿತ್ಸೆಯ ಬಗ್ಗೆ ಇನ್ನೂ ನಿಮಗೆ ಫೋನ್ ಬಂದಿಲ್ಲದಿದ್ದರೆ ಬರುತ್ತದೆ. ಲಕ್ಷಗಟ್ಟಲೆ ಕೇಳುತ್ತಾರೆ, ‘ಎದ್ದು ನಡೆದವರ’ ವಿಡಿಯೋ ಕಳಿಸುತ್ತಾರೆ. ತೋಟ ಅಡ ಇಟ್ಟವರ ಮನೆಗೂ ನಾನು ಹೋಗುತ್ತೇನೆ. ಇಲ್ಲಿ ಓದಬೇಕಾದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ಸ್ಟೆಮ್ ಸೆಲ್ ಸಂಶೋಧನೆಯ ರಾಷ್ಟ್ರೀಯ ಮಾರ್ಗಸೂಚಿ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗ, ಅದನ್ನು ಚಿಕಿತ್ಸೆ ಅಂತ ಮಾರುವಂತಿಲ್ಲ ಅಂತ ಅದರಲ್ಲಿ ಇದೆ. ಒಪ್ಪಿಗೆ ಪಡೆದ ನಿಜವಾದ ಪ್ರಯೋಗವಾದರೆ ಆ ಚಿಕಿತ್ಸೆಗೆ ರೋಗಿಯಿಂದ ದುಡ್ಡು ಕೀಳುವುದಿಲ್ಲ. ಫೋನ್ ಮಾಡಿದವರಿಗೆ ಇದನ್ನು ಹೇಳಿ ನೋಡಿ, ಮಾತು ಬದಲಾಗುತ್ತದೆ.

ಅಣ್ಣನಿಗೆ ಓದಲು ಏನಾದರೂ ಕೊಡಬೇಕಾ ಅಂತಲೂ ಕೇಳಿದ್ದೀರಿ. ಸ್ಫೂರ್ತಿಯ ಪುಸ್ತಕಗಳನ್ನು ತಂದು ಗುಡ್ಡೆ ಹಾಕಬೇಡಿ. ಸೊಂಟ ಅಲ್ಲಾಡದವರ ಕೈಗೆ ಪರ್ವತ ಹತ್ತಿದವರ ಕಥೆ ಕೊಟ್ಟರೆ ಕೆಲವರಿಗೆ ಸಿಟ್ಟೇ ಬರುತ್ತದೆ, ನ್ಯಾಯವೇ ಅದು. ಅವರೇ ಕೇಳಿದ ದಿನ ನಾನು ಸೂಚಿಸುವುದು ‘ಟೇಕ್ ಮೈ ಹ್ಯಾಂಡ್ಸ್’, 1963ರಲ್ಲಿ ಡೊರೊತಿ ಕ್ಲಾರ್ಕ್ ವಿಲ್ಸನ್ ಬರೆದದ್ದು. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಅವರ ಜೀವನ. 1954ರ ವಾಹನ ಅಪಘಾತದಲ್ಲಿ ಅವರ ಬೆನ್ನುಹುರಿಗೆ ಪೆಟ್ಟಾಯಿತು. ಆಮೇಲೆ ವೀಲ್‌ಚೇರಿನಲ್ಲೇ ಕೂತು ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು, ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯಕೀಯ ಕಲಿತು ಬಂದರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1966ರಲ್ಲಿ ಶುರುವಾದ ಪುನರ್ವಸತಿ ಕೇಂದ್ರ ಅವರದೇ ಶ್ರಮ. ನಮ್ಮ ಕಡೆಯಿಂದಲೂ ಜನ ಈಗಲೂ ಅಲ್ಲಿಗೆ ಹೋಗುತ್ತಾರೆ. ಪುಸ್ತಕದ ಧಾಟಿ ಹಳೆಯದು, ಭಕ್ತಿ ಸ್ವಲ್ಪ ಜಾಸ್ತಿ, ಅದನ್ನು ದಾಟಿ ಓದಬಹುದು. ಅದಕ್ಕಿಂತ ಮುಂಚೆ ಸಾಧ್ಯವಾದರೆ ವೀಲ್‌ಚೇರಿನಲ್ಲಿ ಕೆಲವು ವರ್ಷ ಕಳೆದ ಯಾರನ್ನಾದರೂ ಮನೆಗೆ ಕರೆಯಿರಿ. ಸಂಸಾರ, ಲೈಂಗಿಕತೆ, ಬಸ್ಸಿನಲ್ಲಿ ಹೋಗುವಾಗ ಮೂತ್ರಕ್ಕೆ ಏನು ಮಾಡುವುದು, ಇಂಥದ್ದನ್ನು ಅಣ್ಣ ನಿಮ್ಮ ಹತ್ತಿರವಾಗಲಿ ನನ್ನ ಹತ್ತಿರವಾಗಲಿ ಕೇಳಲಿಕ್ಕಿಲ್ಲ. ಅವರ ಹತ್ತಿರ ಕೇಳುತ್ತಾರೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಟಿ’ (ಎದೆಯ ಭಾಗ) ಅಥವಾ ‘ಎಲ್’ (ಸೊಂಟದ ಭಾಗ) ಅಕ್ಷರದ ಮುಂದೆ ಒಂದು ಸಂಖ್ಯೆ, ಜೊತೆಗೆ ‘ಏಷಿಯಾ’ (ಬೆನ್ನುಹುರಿಯ ಪೆಟ್ಟು ಎಷ್ಟು ಗಂಭೀರ ಅಂತ ಹೇಳುವ ಅಳತೆ) ಅಂತ ಬರೆದು ‘ಎ’ಯಿಂದ ‘ಇ’ವರೆಗಿನ ಒಂದು ಅಕ್ಷರ ಇರುತ್ತದೆ. ಅವೆರಡನ್ನೂ, ಈಗ ಒಳಗೆ ಪೈಪ್ ಇದೆಯಾ ಇಲ್ಲವಾ ಅನ್ನುವುದನ್ನೂ ಕೆಳಗೆ ಬರೆಯಿರಿ. ಬಿಪಿಯ ಎಚ್ಚರಿಕೆ ನಿಮ್ಮ ಅಣ್ಣನಿಗೆ ಅನ್ವಯಿಸುತ್ತದಾ, ಯಾವ ವ್ಯಾಯಾಮ ಮೊದಲು ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.